ಲಿವರ್ ಆಪರೇಷನ್‌ಗೆ ಇಲ್ಲಿ ಆರು ಯೂನಿಟ್ ರಕ್ತ, ನೆದರ್‌ಲ್ಯಾಂಡ್ಸ್‌ನಲ್ಲಿ ಸೊನ್ನೆ. ಯಾಕೆ ಹೀಗೆ?

ದಾವಣಗೆರೆ ಹುಡುಗಿ:
ಅಪ್ಪಾಜಿಗೆ 62. ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೂ ಹರಡಿದೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಲಿವರಿನ ಬಲಭಾಗ ತೆಗೆಯುತ್ತಾರೆ. ಆರು ಯೂನಿಟ್ ರಕ್ತಕ್ಕೆ ದಾನಿಗಳನ್ನು ಹೊಂದಿಸಿಕೊಳ್ಳಿ ಅಂದಿದ್ದಾರೆ, ಊರಿನ ಹುಡುಗರನ್ನು ಕರೆತರಲು ತಯಾರಿ ನಡೆದಿದೆ. ಆದರೆ ಯೂಟ್ರೆಕ್ಟ್‌ನಲ್ಲಿರುವ ಚಿಕ್ಕಮ್ಮನ ಮಗ ಹೇಳುವ ಪ್ರಕಾರ, ಅವನ ಪಕ್ಕದ ಮನೆಯವರಿಗೆ ಇದೇ ಆಪರೇಷನ್ ಆಯಿತಂತೆ, ಒಂದು ಹನಿ ರಕ್ತವನ್ನೂ ಏರಿಸಲಿಲ್ಲವಂತೆ. ಅಲ್ಲಿನ ಸರ್ಜನ್ನರು ಅಷ್ಟು ನುರಿತವರಾ? ಅಪ್ಪಾಜಿ ಹಿಮೋಗ್ಲೋಬಿನ್ 9.4 ಇದೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ, ತಿಳಿದವರು ಹೇಳಿ.

ಡಚ್ ಕನ್ನಡಿಗ (ನರ್ಸ್):
ಇಲ್ಲಿ ಮನೆಯವರನ್ನು ದಾನಿಗಳಿಗಾಗಿ ಕೇಳುವ ಪದ್ಧತಿಯೇ ಇಲ್ಲ. ರಕ್ತ ಏರಿಸಲು 4-5-6 ಅನ್ನೋ ನಿಯಮವಿದೆ. ಇಲ್ಲಿ ಹಿಮೋಗ್ಲೋಬಿನ್ನನ್ನು ಮಿಲಿಮೋಲ್‌ನಲ್ಲಿ ಅಳೆಯುತ್ತಾರೆ, 4 ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 6.4 ಗ್ರಾಂ. ಗಟ್ಟಿಮುಟ್ಟಾದವರಿಗೆ ಅಲ್ಲಿಯವರೆಗೂ ಕಾಯುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 5 ಅಥವಾ 6.

ಮಂಗಳೂರು ಅರಿವಳಿಕೆ ವೈದ್ಯ:
ತಂಗೀ, ಆರು ಯೂನಿಟ್ ಹೊಂದಿಸಿ ಅಂದ ಮಾತ್ರಕ್ಕೆ ಆರನ್ನೂ ಏರಿಸುತ್ತಾರೆ ಅಂತಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ ನಮ್ಮಲ್ಲಿ ದುಡ್ಡಿಗೆ ರಕ್ತ ಕೊಡುವವರನ್ನು ನಿಷೇಧಿಸಿದರು. ಅದು ಸರಿಯಾದದ್ದೇ. ಆದರೆ ಸ್ವಯಂಪ್ರೇರಿತ ದಾನಿಗಳು ಸಾಲದ ಕಡೆ ಆ ಹೊರೆ ರೋಗಿಯ ಬಂಧುಬಳಗದ ಮೇಲೆ ಬಿದ್ದಿದೆ. ನಾನು ಬ್ರಿಟನ್ನಿನಲ್ಲಿ ಕೆಲಸ ಮಾಡುವಾಗ ರೋಗಿಯ ರಕ್ತದ ಗುಂಪು, ಆಂಟಿಬಾಡಿ ನೋಡಿಟ್ಟಿದ್ದರೆ ಸಾಕಾಗುತ್ತಿತ್ತು. ಬೇಕೆಂದಾಗ ಆಪರೇಷನ್ ಥಿಯೇಟರಿಗೆ ರಕ್ತದ ಚೀಲ ಬರುತ್ತಿತ್ತು.

ಇನ್ನು ಸರ್ಜನ್ನರ ವಿಷಯ. ಲಿವರಿಗೆ ನಿಮಿಷಕ್ಕೆ ಒಂದೂವರೆ ಲೀಟರಿನಷ್ಟು ರಕ್ತ ಹರಿಯುತ್ತದೆ. ಒಳಬರುವ ನಾಳಗಳನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುವ ಉಪಾಯವನ್ನು ಗ್ಲಾಸ್ಗೋದ ಸರ್ಜನ್ ಪ್ರಿಂಗಲ್ 1908ರಲ್ಲೇ ಬರೆದಿದ್ದರು. ಆದರೂ ಹೊರಹೋಗುವ ಸಿರೆಗಳಿಂದ ರಕ್ತ ಹಿಂದಕ್ಕೆ ಸೋರುತ್ತದೆ. ಅದಕ್ಕೆ ನಾವು, ಲಿವರ್ ಕತ್ತರಿಸಿ ಮುಗಿಯುವವರೆಗೆ ಸಲೈನ್ ಕೈಬಿಗಿಹಿಡಿದು ಕೊಟ್ಟು, ದೊಡ್ಡ ಸಿರೆಯ ಒತ್ತಡವನ್ನು 5 ಮಿ.ಮೀ. ಪಾದರಸದ ಕೆಳಗಿಡುತ್ತೇವೆ. ಇದೆಲ್ಲ ಬೆಂಗಳೂರಿನಲ್ಲೂ ನಡೆಯುತ್ತದೆ.

ದೇಶದಿಂದ ದೇಶಕ್ಕೆ ದೊಡ್ಡ ವ್ಯತ್ಯಾಸವಿರುವುದು ಯಾವಾಗ ಏರಿಸಬೇಕು ಅನ್ನುವುದರಲ್ಲಿ. ನಮ್ಮ ಗುರುಗಳ ಕಾಲದಲ್ಲಿ ಹಿಮೋಗ್ಲೋಬಿನ್ 10ಕ್ಕಿಂತ ಇಳಿದರೆ ರಕ್ತ ತಾ ಅನ್ನುತ್ತಿದ್ದರು. 1999ರಲ್ಲಿ ಕೆನಡಾದವರು ಐಸಿಯುನ 838 ರೋಗಿಗಳ ಮೇಲೆ ಅಧ್ಯಯನ ಮಾಡಿ, 7ರವರೆಗೆ ಕಾದರೂ ಕೇಡಿಲ್ಲ ಅಂತ ತೋರಿಸಿದರು. ಬ್ರಿಟನ್ನಿನ 2015ರ ಮಾರ್ಗಸೂಚಿಯೂ 7 ಅನ್ನುತ್ತದೆ, ರಕ್ತಸ್ರಾವ ಇಲ್ಲದಿದ್ದರೆ ಒಂದೇ ಚೀಲ ಕೊಟ್ಟು ಮತ್ತೆ ನೋಡಿ ಅನ್ನುತ್ತದೆ. ಜಪಾನಿನಲ್ಲಿ ಕೆಂಪುಕಣ ಕೊಡುವುದರಲ್ಲಿ ಬಿಗಿ, ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಡುವುದರಲ್ಲಿ ಧಾರಾಳ ಅನ್ನುವ ರೂಢಿ ಬಹುಕಾಲ ಇತ್ತು.

ನನಗೆ ಚಿಂತೆ ಆ ಆರು ಯೂನಿಟ್ಟಿನದಲ್ಲ, 9.4ರದು. 13ರಿಂದ ಹೊರಟವರು ಒಂದು ಲೀಟರ್ ಕಳೆದುಕೊಂಡರೂ ತಡೆದುಕೊಳ್ಳುತ್ತಾರೆ, 9.4ರಿಂದ ಹೊರಟವರು ಬೇಗ ಅಂಚಿಗೆ ಬರುತ್ತಾರೆ. ಕರುಳಿನ ಗಡ್ಡೆಯಿಂದ ಕಾಣದಂತೆ ರಕ್ತ ಹೋಗಿ ಕಬ್ಬಿಣ ಬರಿದಾಗಿರಬಹುದು. ನಾಳೆಯೇ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಅನ್ನುವ, ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತಿಳಿಸುವ ರಕ್ತಪರೀಕ್ಷೆಗಳನ್ನು ಮಾಡಿಸಲು ಹೇಳಿ. ಕಬ್ಬಿಣ ಕಡಿಮೆ ಇದ್ದರೆ ರಕ್ತನಾಳದ ಮೂಲಕ ಕೊಡಬಹುದಾ ಅಂತ ವೈದ್ಯರನ್ನು ಕೇಳಿ. ತಿಂಗಳ ಅವಧಿ ಇದೆಯಲ್ಲ, ಬಿಡಬೇಡಿ.

ದಾವಣಗೆರೆ ಹುಡುಗಿ:
ಸರ್, ಈ ಪರೀಕ್ಷೆ ಯಾರೂ ಹೇಳಿರಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗ್ತೀನಿ. ರಕ್ತ ನಿಲ್ಲೋಕೆ ಟ್ರಾನೆಕ್ಸಾಮಿಕ್ ಇಂಜೆಕ್ಷನ್ ಕೊಡಬಹುದಲ್ಲ ಅಂತ ನಮ್ಮ ಭಾವ ಕೇಳ್ತಿದ್ದಾರೆ. ಹುಡುಗರಿಗೆ ಬರೋದು ಬೇಡ ಅನ್ಲಾ?

ಮಂಗಳೂರು ಅರಿವಳಿಕೆ ವೈದ್ಯ:
ಅಪಘಾತದಲ್ಲಿ, ಹೆರಿಗೆಯಲ್ಲಿ ಅದು ಜೀವ ಉಳಿಸಿದೆ. ಲಿವರ್ ಆಪರೇಷನ್ನಿನಲ್ಲಿ ಹಾಗಾಗಲಿಲ್ಲ. 2024ರಲ್ಲಿ ಪ್ರಕಟವಾದ ಕೆನಡಾ, ಅಮೆರಿಕದ ದೊಡ್ಡ ಅಧ್ಯಯನದಲ್ಲಿ ರಕ್ತಸ್ರಾವವೂ ಕಡಿಮೆಯಾಗಲಿಲ್ಲ, ತೊಡಕುಗಳು ಹೆಚ್ಚಾದವು. ಹುಡುಗರು ಬರಲಿ. ಅಪ್ಪಾಜಿಗೆ ಬೇಕಾಗದಿದ್ದರೆ ಪಕ್ಕದ ಹಾಸಿಗೆಯವರಿಗೆ ಬೇಕಾಗುತ್ತದೆ. ಫೆರಿಟಿನ್ ರಿಪೋರ್ಟ್ ಬಂದಮೇಲೆ ಇಲ್ಲೇ ಬರೆಯಿರಿ.