ಪದ ಬೇಕು: ಪಾಪ್ ಹಾಡುಗಾರ್ತಿಯ 'ಥಿಯೇಟರ್ ಟೂರ್'ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ನಾಳೆ ಬೆಳಗ್ಗೆ 10ಕ್ಕೆ ಬರಹ ಪುಟಕ್ಕೆ ಹೋಗಬೇಕು.

ಮಡೋನಾ 2019ರ ಸೆಪ್ಟೆಂಬರ್‌ನಿಂದ 2020ರ ಮಾರ್ಚ್‌ವರೆಗೆ ಮಾಡಿದ 'ಮೇಡಮ್ ಎಕ್ಸ್' ಟೂರ್ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಸ್ಟೇಡಿಯಂ ತುಂಬಿಸುತ್ತಿದ್ದ ಹಾಡುಗಾರ್ತಿ ಆ ಸಲ ನಾಟಕದ ಥಿಯೇಟರುಗಳನ್ನು ಹಿಡಿದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರು. ಆಮೇಲೆ ಷಿಕಾಗೊ, ಲಿಸ್ಬನ್, ಲಂಡನ್ನಿನ ಪಲ್ಲೇಡಿಯಂ, ಕೊನೆಗೆ ಪ್ಯಾರಿಸ್ಸಿನ ಗ್ರ್ಯಾಂಡ್ ರೆಕ್ಸ್. ಪಲ್ಲೇಡಿಯಂನಲ್ಲಿ ಇರುವುದೇ ಸುಮಾರು 2,300 ಸೀಟು. ಒಂದೊಂದು ಊರಲ್ಲೂ ಹಲವು ರಾತ್ರಿ ಆಟ. ಬಂದವರ ಫೋನನ್ನು ಬಾಗಿಲಲ್ಲೇ ಒಂದು ಚೀಲಕ್ಕೆ ಹಾಕಿ, ಬೀಗ ಜಡಿದು, ಚೀಲವನ್ನು ಅವರ ಕೈಗೇ ಕೊಡುತ್ತಿದ್ದರು.

'ರಂಗಮಂದಿರ ಪ್ರವಾಸ' ಅಂತ ಬರೆದೆ. ಓದಿದರೆ ರಂಗಮಂದಿರ ನೋಡಲು ಬಸ್ಸು ಮಾಡಿಕೊಂಡು ಹೋದ ಹಾಗಿದೆ. ಇನ್ನು ಒಂದೇ ಊರಲ್ಲಿ ನಿಂತು ಹತ್ತಾರು ದಿನ ಆಡುವುದಕ್ಕೆ 'ರೆಸಿಡೆನ್ಸಿ' ಅಂತಿದೆ. ಹಾಗೇ ಬಿಟ್ಟರೆ ನಮ್ಮವರಿಗೆ ಲಾಡ್ಜು ನೆನಪಾಗುತ್ತದೆ, ಅಲ್ವಾ? ಎರಡಕ್ಕೂ ಪದ ಕೊಡಿ.

* * *

ಪ್ರವಾಸ ತಪ್ಪು. ವಾಸ್ತವ್ಯ ಅಂತ ಯಾರಾದರೂ ಹೇಳುವ ಮುಂಚೆ ಹೇಳಿಬಿಡುತ್ತೇನೆ, ಅದೂ ಬೇಡ. ಕನ್ನಡದ್ದೇ 'ಬೀಡು' ಇದೆ. ಕೆಡು ಕೇಡಾಯಿತು, ಪಡು ಪಾಡಾಯಿತು, ಬಿಡು ಬೀಡಾಯಿತು. ಬಂಡಿ ಬಿಟ್ಟು, ಎತ್ತು ಬಿಟ್ಟು, ಹೊರೆ ಇಳಿಸಿ ನಿಂತ ಜಾಗ ಅದು. ಬಿಡದಿ, ಬಿಡಾರ ಇವೂ ಅದೇ ಬೇರಿನವು. ನೀವು ಕೇಳಿದ್ದಕ್ಕೆ 'ಹಾಡುಬೀಡು' ಅಂತ ಬರೆಯಿರಿ. ಬೇರು ನಮ್ಮದೇ ಇರುವಾಗ ಸಾಲ ತರುವುದು ಸೋಮಾರಿತನ.

* * *

'ಹಾಡುಬೀಡು' ಬೇಡ. ಯಾರ ಬಾಯಲ್ಲೂ ಇಲ್ಲ.

ಟೂರ್‌ಗೆ 'ತಿರುಗಾಟ' ಇದೆ. ಯಕ್ಷಗಾನ ಮೇಳಗಳು ಪ್ರತಿ ವರ್ಷ ಹೊರಡುವುದು ತಿರುಗಾಟಕ್ಕೇ. ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ದಿನ ಗೆಜ್ಜೆ ಬಿಚ್ಚಿ ಆಟ ಮುಗಿಸುವವರೆಗೂ ತಿರುಗಾಟವೇ. ಹೆಗ್ಗೋಡಿನ ನೀನಾಸಂ 1985ರಲ್ಲಿ ಊರೂರಿಗೆ ನಾಟಕ ಒಯ್ಯಲು ಹೊರಟಾಗ ಇಟ್ಟುಕೊಂಡ ಹೆಸರೂ ಅದೇ. ವೇಷ, ಹಾಡು, ಸಾಮಾನು ಎಲ್ಲ ಹೊತ್ತುಕೊಂಡು ಹೋಗಿ ಆಡುವುದು ಅನ್ನುವ ಅರ್ಥ ಆ ಪದದೊಳಗೇ ಕೂತಿದೆ. ಮಡೋನಾ ಮಾಡಿದ್ದೂ ಅದನ್ನೇ. ಆಫ್ರಿಕಾದ ದ್ವೀಪದೇಶ ಕೇಪ್ ವರ್ಡಿಯ ಬತೂಕ್ ಹಾಡುವ ಹೆಂಗಸರ ಒಂದು ದೊಡ್ಡ ಗುಂಪನ್ನೇ ಜೊತೆಗೆ ಕಟ್ಟಿಕೊಂಡು ತಿರುಗಿದರು.

ಆದರೆ ಮೇಳ ದಿನಕ್ಕೊಂದು ಊರು ಬದಲಿಸುತ್ತದೆ. ಒಂದೇ ಕಡೆ ಕೂತು ಆಡುವುದಕ್ಕೆ ಪದ ಬೇಕಾದರೆ ಕಂಪನಿ ನಾಟಕದವರನ್ನು ಕೇಳಿ. ಅವರ ಪದ 'ಕ್ಯಾಂಪ್'. ನಮ್ಮ ಸೋದರಮಾವ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಕಾಗದ ಬರೆದರೆ ಮೇಲ್ಗಡೆ ಬಲಕ್ಕೆ 'ಕ್ಯಾಂಪ್' ಅಂತ ಹಾಕಿ ಊರ ಹೆಸರು, ಅದರ ಕೆಳಗೆ ತಾರೀಕು. ಮನೆಯ ವಿಳಾಸ ಬರೆದದ್ದೇ ಇಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ಹಲವು ಕಂಪನಿಗಳು ಬಂದು ಕ್ಯಾಂಪ್ ಹಾಕುತ್ತವೆ. 'ಮಡೋನಾ ಲಂಡನ್ನಿನಲ್ಲಿ ಕ್ಯಾಂಪ್ ಹಾಕಿದ್ದರು' ಅಂತ ಬರೆದು ನೋಡಿ. ಓದುಗರಿಗೆ ಥಟ್ಟನೆ ತಿಳಿಯುತ್ತದೆ.

* * *

ಕ್ಯಾಂಪ್ ಇಂಗ್ಲಿಷ್. ಅಷ್ಟೇ ಸಾಕು ಬೇಡ ಅನ್ನಲು. ಹೀಗೇ ಒಂದೊಂದನ್ನೇ ಒಳಗೆ ಬಿಟ್ಟುಕೊಂಡು ಬಂದರೆ ನಾಳೆ ಕನ್ನಡದಲ್ಲಿ ಉಳಿಯುವುದು ಬರೀ ವಿಭಕ್ತಿ.

* * *

ಕಂಪನಿ ಕೂಡ ಇಂಗ್ಲಿಷೇ. ಗುಬ್ಬಿ ಕಂಪನಿಗೆ ಈಗ ಬೇರೆ ಹೆಸರು ಇಡುತ್ತೀರಾ? ನಿಮ್ಮ ಮನೆಯ ಚಾವಿ, ತಿಂಗಳ ಪಗಾರ, ಎರಡೂ ಪೋರ್ಚುಗೀಸಿನಿಂದ ಬಂದವು. ಲೇಖನದಲ್ಲಿ ಲಿಸ್ಬನ್ ಬಂದಿದ್ದಕ್ಕೆ ನೆನಪಾಯಿತು. ಕ್ಯಾಂಪನ್ನು ನಾವು ಸೋಮಾರಿತನದಿಂದ ತಂದದ್ದಲ್ಲ. ತಲೆಮಾರುಗಟ್ಟಲೆ ನಟರು ಅದರೊಳಗೆ ಉಂಡು, ಮಲಗಿ, ಮಕ್ಕಳನ್ನು ಬೆಳೆಸಿದ್ದಾರೆ. ಆ ಬದುಕನ್ನು ನೋಡದೆ ಪದ ಮಾತ್ರ ತೆಗೆದುಹಾಕಿ ಅನ್ನುವುದು ನನಗೆ ನಿಜಕ್ಕೂ ಬೇಜಾರು. ಬೀಡು ಒಳ್ಳೆಯ ಪದ, ಅದರ ಬಗ್ಗೆ ತಕರಾರಿಲ್ಲ. ಆದರೆ ಈ ಕೆಲಸಕ್ಕೆ ಅದನ್ನು ಯಾರೂ ಬಳಸಿಲ್ಲ.

* * *

ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ತಲೆಬರಹದಲ್ಲಿ 'ಥಿಯೇಟರ್ ತಿರುಗಾಟ' ಹಾಕಿದ್ದೇನೆ, ಒಳಗೆ 'ಲಂಡನ್ ಕ್ಯಾಂಪ್'. ಕಡೆಯ ಪ್ಯಾರಾದಲ್ಲಿ, ಫ್ರಾನ್ಸಿನಲ್ಲಿ ಕೊರೊನಾದಿಂದ ಸಾವಿರಕ್ಕಿಂತ ಜಾಸ್ತಿ ಜನ ಸೇರಬಾರದು ಅಂತಾದಾಗ ಮಾರ್ಚ್ 8ರ ಆಟವೇ ಕೊನೆಯದಾಯಿತು ಅಂತಿದೆ. ಅಲ್ಲಿ 'ಪ್ಯಾರಿಸ್ಸಿನಿಂದ ಕ್ಯಾಂಪ್ ಎತ್ತಿದರು' ಅಂತ ಬರೆದೆ. ನಿಮ್ಮ ಸೋದರಮಾವನವರ ಕಂಪನಿಯಲ್ಲೂ 'ಎತ್ತುವುದು' ಅಂತಲೇ ಅನ್ನುತ್ತಿದ್ದರಾ, ಇಲ್ಲ 'ಕೀಳುವುದು' ಅಂತಲಾ? ಬೆಳಗ್ಗೆ ಒಂಬತ್ತರೊಳಗೆ ಹೇಳಿದರೆ ತಿದ್ದುತ್ತೇನೆ.