ಕಾರವಾರದಲ್ಲಿ ತೀರಿಕೊಂಡ ಸ್ಕಾಟ್ಲೆಂಡಿನವರ ಮೂಲ ಊರು ಹುಡುಕುವುದು ಹೇಗೆ? ಕ್ಲ್ಯಾನ್ ಯಾವುದು ಅಂತ ತಿಳಿಯುತ್ತಾ?

ಕೋಡಿಬಾಗ_ನಾಯ್ಕ

ನನ್ನ ಹೆಂಡತಿಯ ತವರಿನ ಮೂಲಪುರುಷರು ಸ್ಕಾಟ್ಲೆಂಡಿನಿಂದ ಬಂದವರು. ಹೆಸರು ಜಾನ್ ಮ್ಯಾಕ್‌ಡೊನಾಲ್ಡ್, ಅವಳ ಮುತ್ತಜ್ಜನ ಅಪ್ಪ. 1871ರ ಮದುವೆ ದಾಖಲೆಯ ನಕಲೊಂದು ಕೈಯಲ್ಲಿದೆ. ಅದರಲ್ಲಿ ವಯಸ್ಸು 29, ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್, ತಂದೆ ಡೊನಾಲ್ಡ್ ಅಂತ ಇದೆ. 1880ರ ದಶಕದಲ್ಲಿ ಕಾರವಾರದಲ್ಲೇ ತೀರಿಕೊಂಡರಂತೆ. ಇನ್ವರ್ನೆಸ್ ಜಿಲ್ಲೆಯವರು ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ, ಅದಕ್ಕೆ ಕಾಗದ ಇಲ್ಲ.

ಹುಟ್ಟಿದ ಊರು ಮತ್ತು ತಾಯಿಯ ಹೆಸರು ಸಿಗಬೇಕು. ಮ್ಯಾಕ್‌ಡೊನಾಲ್ಡರಲ್ಲಿ ಯಾವ ಶಾಖೆ ಅಂತಲೂ ಗೊತ್ತಾದರೆ ಒಳ್ಳೆಯದು, ಮನೆಯ ಮದುವೆಯೊಂದಕ್ಕೆ ಅವರ ಕ್ಲ್ಯಾನಿನ ಚೌಕಳಿ ಬಟ್ಟೆ ತರಿಸುವ ಆಸೆ ಇದೆ. ಕ್ಲ್ಯಾನ್ ಅಂದರೆ ನಮ್ಮ ಗೋತ್ರ ಅಥವಾ ಬಳಿ ಇದ್ದ ಹಾಗೆಯಾ? ಆನ್‌ಲೈನಲ್ಲಿ ಯಾರೋ ಹಾಕಿದ ವಂಶವೃಕ್ಷವೊಂದು ಈ ಹೆಸರಿಗೆ ಸರಿಹೊಂದುತ್ತದೆ, ಸೇರಿಸಿಕೊಳ್ಳಬಹುದಾ?

ಶಿರಸಿ_ಹೆಗಡೆ

ನಾಯ್ಕರೇ, ಆ ವಂಶವೃಕ್ಷ ಸದ್ಯಕ್ಕೆ ಮುಟ್ಟಬೇಡಿ. ಇನ್ವರ್ನೆಸ್ ಜಿಲ್ಲೆಯಲ್ಲಿ ಡೊನಾಲ್ಡನ ಮಗ ಜಾನ್ ಮ್ಯಾಕ್‌ಡೊನಾಲ್ಡ್ ಅಂದರೆ ಒಂದೊಂದು ಪ್ಯಾರಿಷಿನಲ್ಲೂ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ನಾಲ್ಕಾರು ಮಂದಿ ಸಿಗುತ್ತಾರೆ. ಆ ಜಿಲ್ಲೆ ಅಂದರೆ ಇನ್ವರ್ನೆಸ್ ಪಟ್ಟಣವೊಂದೇ ಅಲ್ಲ. ಆಗ ಸ್ಕೈ, ಉತ್ತರ ಮತ್ತು ದಕ್ಷಿಣ ಯುಇಸ್ಟ್, ಬಾರಾ, ಹ್ಯಾರಿಸ್ ದ್ವೀಪಗಳೂ ಒಳನಾಡಿನ ಲೋಖಾಬರ್, ಬ್ಯಾಡೆನೊಕ್‌ಗಳೂ ಅದರೊಳಗೇ ಇದ್ದವು. ಹೆಸರು ಕೂಡಿತು ಅಂತ ಸೇರಿಸಿಕೊಂಡರೆ ಬೇರೆಯವರ ಅಜ್ಜನನ್ನು ನಿಮ್ಮ ಮನೆಗೆ ತಂದ ಹಾಗಾಗುತ್ತದೆ.

ವಯಸ್ಸಿನಿಂದ ಶುರುಮಾಡೋಣ. 1871ರಲ್ಲಿ 29 ಅಂದರೆ ಹುಟ್ಟಿದ್ದು 1842ರ ಆಸುಪಾಸು. ಮದುವೆ ಪುಸ್ತಕದ ವಯಸ್ಸನ್ನು ಅಕ್ಷರಶಃ ನಂಬುವ ಹಾಗಿಲ್ಲ, 1839ರಿಂದ 1845ರವರೆಗೆ ಹುಡುಕಿ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1855ರ ಜನವರಿ 1ಕ್ಕೆ. ಹಾಗಾಗಿ ಇವರ ಜನನ ಪ್ರಮಾಣಪತ್ರ ಅಂತ ಒಂದು ಇರುವುದೇ ಇಲ್ಲ. ಇದ್ದರೆ ಇರುವುದು ಚರ್ಚಿನ ಹಳೆಯ ಪ್ಯಾರಿಷ್ ಪುಸ್ತಕದಲ್ಲಿ ದೀಕ್ಷಾಸ್ನಾನದ ನಮೂದು. ಅದೂ ಇಲ್ಲದಿರಬಹುದು. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಒಡೆದು ಫ್ರೀ ಚರ್ಚ್ ಹುಟ್ಟಿತು, ಎತ್ತರದ ನಾಡಿನಲ್ಲಿ (ಹೈಲ್ಯಾಂಡ್ಸ್) ಊರಿಗೆ ಊರೇ ಆ ಕಡೆ ಹೋಯಿತು. ಆಮೇಲೆ ಹುಟ್ಟಿದ ಮಕ್ಕಳ ಹೆಸರು ಹಳೆಯ ಪುಸ್ತಕದಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ. ಮನೆತನ ಕ್ಯಾಥೊಲಿಕ್ ಆಗಿದ್ದರೆ (ಬಾರಾ, ದಕ್ಷಿಣ ಯುಇಸ್ಟ್, ಮೊಯ್ಡಾರ್ಟ್ ಕಡೆಯ ಮ್ಯಾಕ್‌ಡೊನಾಲ್ಡರಲ್ಲಿ ಇದೇ ಹೆಚ್ಚು) ಕ್ಯಾಥೊಲಿಕ್ ಪುಸ್ತಕಗಳನ್ನು ಬೇರೆಯಾಗಿ ನೋಡಬೇಕು.

ಎಲ್ಲ ಇರುವುದು ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ. ಖಾತೆ ತೆರೆಯುವುದಕ್ಕೂ ಸೂಚಿ ಹುಡುಕುವುದಕ್ಕೂ ದುಡ್ಡಿಲ್ಲ. ಪುಟದ ಚಿತ್ರ ತೆರೆಯಲು ಸಾಮಾನ್ಯವಾಗಿ 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್. ತೆರೆದ ಚಿತ್ರ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಸೂಚಿಯಲ್ಲಿ ಕಂಡದ್ದನ್ನೆಲ್ಲ ತೆರೆಯುತ್ತ ಹೋದರೆ ಸಾವಿರಾರು ರೂಪಾಯಿ ಕರಗುತ್ತದೆ. ಮೊದಲು ಸೂಚಿಯಲ್ಲೇ ಪ್ಯಾರಿಷ್, ವರ್ಷ, ತಂದೆ-ತಾಯಿ ಹೆಸರು ನೋಡಿ ಸೋಸಿ. ಮ್ಯಾಕ್ ಅನ್ನುವುದನ್ನು ಒಬ್ಬೊಬ್ಬ ಗುಮಾಸ್ತ ಒಂದೊಂದು ರೀತಿ ಬರೆದಿದ್ದಾನೆ, ಅಕ್ಷರ ಬಿಟ್ಟಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ. ತಂದೆಯನ್ನು ಡೊನಾಲ್ಡ್ ಅಂತಷ್ಟೇ ಅಲ್ಲ, ಡೇನಿಯಲ್ ಅಂತಲೂ ಹುಡುಕಬೇಕು. ಅಲ್ಲಿಯವರ ಮಾತೃಭಾಷೆ ಗೇಲಿಕ್‌ನ ಆ ಒಂದೇ ಹೆಸರನ್ನು ಇಂಗ್ಲಿಷ್ ಪುಸ್ತಕದಲ್ಲಿ ಎರಡೂ ಥರ ಬರೆಯುತ್ತಿದ್ದರು.

ನಿಮಗೆ ಹೆಚ್ಚು ಉಪಯೋಗ 1851ರ ಜನಗಣತಿಯಿಂದ. 1841ರದ್ದರಲ್ಲಿ ಮನೆಯವರ ನಡುವಿನ ಸಂಬಂಧ ಬರೆದಿಲ್ಲ, ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿದ್ದಾರೆ. 1851ರದ್ದರಲ್ಲಿ ಯಜಮಾನ, ಹೆಂಡತಿ, ಮಗ ಅಂತ ಸಂಬಂಧವೂ ಇದೆ, ಹುಟ್ಟಿದ ಪ್ಯಾರಿಷೂ ಇದೆ. ಒಂಬತ್ತು ವರ್ಷದ ಜಾನ್, ಯಜಮಾನ ಡೊನಾಲ್ಡ್ ಇರುವ ಮನೆಗಳನ್ನು ಮೊದಲು ಪಟ್ಟಿ ಮಾಡಿಕೊಳ್ಳಿ.

ಒಂದು ಕೇಳುತ್ತೇನೆ: ಜಾನ್ ಅವರ ಮಕ್ಕಳ ಹೆಸರು ಹುಟ್ಟಿದ ಕ್ರಮದಲ್ಲಿ ಗೊತ್ತುಂಟಾ? ಜಾನ್ ಅವರ ಹೆಂಡತಿಯ ತಾಯಿಯ ಹೆಸರು?

ಕುಮಟಾ_ಶಾನಭಾಗ

ಹೆಗಡೇರು ಹೇಳಿದ್ದಕ್ಕೆ ಇಲ್ಲಿಯ ಕಡೆಯದ್ದು ಸೇರಿಸುತ್ತೇನೆ. ಉತ್ತರ ಕನ್ನಡ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಮೇಲೆ ಮುಂಬಯಿಗೆ ಸೇರಿತು. ಇದನ್ನು ಮರೆತು ಒಂದೇ ಕಡೆ ಹುಡುಕುವವರೇ ಜಾಸ್ತಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಚರ್ಚಿನ ವರದಿಗಳು (ದೀಕ್ಷಾಸ್ನಾನ, ಮದುವೆ, ಸಾವಿನ ನಮೂದುಗಳು) ಪ್ರಾಂತ್ಯಕ್ಕೊಂದು ಸಂಕೇತದಡಿ ಇವೆ: ಮದ್ರಾಸ್ ಎನ್/2, ಮುಂಬಯಿ ಎನ್/3. ನಿಮ್ಮ 1871ರ ಮದುವೆ, 1880ರ ದಶಕದ ಸಾವು ಎರಡೂ ಎನ್/3ರಲ್ಲಿ ಬರಬೇಕು. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಸೂಚಿ ಪುಕ್ಕಟೆ, ಪುಟದ ಚಿತ್ರ ಫೈಂಡ್‌ಮೈಪಾಸ್ಟ್ ಜಾಲತಾಣದಲ್ಲಿ ದುಡ್ಡು ಕೊಟ್ಟು ನೋಡಬೇಕು.

ಊರಿನ ಹೆಸರು ಈಗಿನ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಕಾರವಾರ ಇಂಗ್ಲಿಷಿನಲ್ಲಿ ಕೆ ಬದಲು ಸಿ ಅಕ್ಷರದಿಂದ ಶುರುವಾಗಿರಬಹುದು. ಸದಾಶಿವಗಡ ಸೆದಾಶೆಗರ್, ಹೊನ್ನಾವರ ಹೊನೋರ್, ಕುಮಟಾ ಕೂಮ್ಟಾ ಆಗಿರುತ್ತವೆ. ಊರಿನ ಹೆಸರು ಬಿಟ್ಟು ವ್ಯಕ್ತಿಯ ಹೆಸರು, ವರ್ಷದಿಂದ ಹುಡುಕುವುದೇ ಮೇಲು. ಕಾರವಾರದಲ್ಲಿ ಸಿಗದಿದ್ದರೆ ಬೆಳಗಾವಿ, ಧಾರವಾಡದ ಹೆಸರಿನಡಿಯೂ ನೋಡಿ.

ಇಲ್ಲಿಯ ಸಾವಿನ ನಮೂದಿನಲ್ಲಿ ವಯಸ್ಸು, ಉದ್ಯೋಗ, ಕಾರಣ, ಹೂಳಿದ ದಿನ ಇರುತ್ತದೆ. ತಂದೆ-ತಾಯಿ ಹೆಸರು ಇರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 1855ರ ನಂತರ ಸತ್ತವರ ದಾಖಲೆಯಲ್ಲಿ ಎರಡೂ ಇರುತ್ತದೆ, ತಾಯಿಯ ತವರಿನ ಹೆಸರಿನ ಸಮೇತ. ಹಾಗಾಗಿ ಜಾನ್ ಅವರ ತಾಯಿಯ ಹೆಸರು ಬೇಕಾದರೆ ಊರಲ್ಲೇ ಉಳಿದ ಅಣ್ಣನೋ ತಂಗಿಯೋ ಸತ್ತ ದಾಖಲೆ ಹುಡುಕಬೇಕು. ಮದುವೆಯಾದ ತಂಗಿಯೂ ತವರಿನ ಹೆಸರಿನಲ್ಲಿ ಸೂಚಿಯಲ್ಲಿ ಸಿಗುತ್ತಾಳೆ, ಅದು ಸ್ಕಾಟ್ಲೆಂಡಿನ ದಾಖಲೆಗಳ ದೊಡ್ಡ ಅನುಕೂಲ.

ಕೋಡಿಬಾಗ_ನಾಯ್ಕ

ಇಬ್ಬರಿಗೂ ಧನ್ಯವಾದ. ಮಕ್ಕಳ ಕ್ರಮ ಮನೆಯ ಬೈಬಲ್ಲಿನಲ್ಲಿ ಇದೆ: ಡೊನಾಲ್ಡ್, ಮಾರ್ಗರೆಟ್, ವಿಲಿಯಂ, ಯುಫೀಮಿಯಾ, ಜಾನ್. ಜಾನ್ ಅವರ ಹೆಂಡತಿಯ ತಾಯಿ ಮಾರ್ಗರೆಟ್, ತಂದೆ ವಿಲಿಯಂ.

ಶಿರಸಿ_ಹೆಗಡೆ

ಇದು ಬಹಳ ಒಳ್ಳೆಯ ಸುಳಿವು ನಾಯ್ಕರೇ. ಸ್ಕಾಟ್ಲೆಂಡಿನ ರೂಢಿಯಂತೆ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ತಂದೆಯದು. ಹೆಣ್ಣುಮಕ್ಕಳಲ್ಲಿ ಮೊದಲನೆಯವಳಿಗೆ ತಾಯಿಯ ತಾಯಿ, ಎರಡನೆಯವಳಿಗೆ ತಂದೆಯ ತಾಯಿ. ನಿಮ್ಮ ಪಟ್ಟಿ ನೋಡಿ: ಡೊನಾಲ್ಡ್ ಸರಿ, ವಿಲಿಯಂ ಸರಿ, ಜಾನ್ ಸರಿ, ಮಾರ್ಗರೆಟ್ ಸರಿ. ನಾಲ್ಕು ಹೊಂದಿಕೊಂಡ ಮೇಲೆ ಉಳಿದ ಯುಫೀಮಿಯಾ ಎಂಬ ಹೆಸರು ಜಾನ್ ಅವರ ತಾಯಿಯದು ಆಗಿರುವ ಸಾಧ್ಯತೆ ಗಟ್ಟಿ. ಸಾಧ್ಯತೆ ಮಾತ್ರ, ಪುರಾವೆ ಅಲ್ಲ. ಪಾದ್ರಿಯ ಹೆಂಡತಿಯ ಹೆಸರಿಟ್ಟದ್ದೂ, ಸತ್ತ ಅಕ್ಕನ ಹೆಸರಿಟ್ಟದ್ದೂ ಉಂಟು.

ಈಗ 1851ರ ಪಟ್ಟಿಯಲ್ಲಿ ಯಜಮಾನ ಡೊನಾಲ್ಡ್, ಹೆಂಡತಿ ಯುಫೀಮಿಯಾ, ಮಗ ಜಾನ್ ಇರುವ ಮನೆ ಹುಡುಕಿ. ಅವಳು ಎಫಿ ಅಂತಲೂ, ಹೆನ್ರಿಯೆಟಾ ಅಂತಲೂ ಬರೆಸಿಕೊಂಡಿರಬಹುದು, ಓಯ್ರಿಕ್ ಎಂಬ ಗೇಲಿಕ್ ಹೆಸರಿಗೆ ಅಲ್ಲಿಯ ಪಾದ್ರಿಗಳು ಇವೆಲ್ಲವನ್ನೂ ಬಳಸಿದ್ದಾರೆ. ಎರಡು-ಮೂರು ಮನೆ ಉಳಿಯುತ್ತವೆ ಅಂದುಕೊಳ್ಳೋಣ. ಪ್ರತಿ ಮನೆಯ ಜಾನ್‌ನನ್ನು 1861, 1871ರ ಜನಗಣತಿಯಲ್ಲಿ ಹಿಂಬಾಲಿಸಿ. 1871ರ ಏಪ್ರಿಲಿನಲ್ಲಿ ಸ್ಕೈಯಲ್ಲಿ ಗೇಣಿ ಜಮೀನು ಮಾಡಿಕೊಂಡಿರುವ ಜಾನ್ ನಿಮ್ಮವರಲ್ಲ. ಹೀಗೆ ಆಗದವರನ್ನು ಹೊರಗಿಡುತ್ತ ಬಂದರೆ ಕೊನೆಗೆ ಉಳಿದವರ ಒಡಹುಟ್ಟಿದವರ ಮರಣ ದಾಖಲೆ ತೆರೆಯಿರಿ, ಶಾನಭಾಗರು ಹೇಳಿದ ಹಾಗೆ.

ಇನ್ನೊಂದು ದಾರಿ ಆಸ್ತಿಯ ಕಡೆಯಿಂದ. ಹೊರದೇಶದಲ್ಲಿ ಸತ್ತವರಿಗೆ ಸ್ಕಾಟ್ಲೆಂಡಿನಲ್ಲಿ ದುಡ್ಡು ಇದ್ದರೆ ಅದರ ಕಾಗದ ಎಡಿನ್‌ಬರೋ ನ್ಯಾಯಾಲಯದಲ್ಲಿ ಆಗುತ್ತಿತ್ತು. 1925ರವರೆಗಿನ ಉಯಿಲುಗಳು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲೇ ಇವೆ. ಸಿಕ್ಕರೆ ಅಣ್ಣತಮ್ಮಂದಿರ ಹೆಸರು, ಊರು ಒಂದೇ ಪುಟದಲ್ಲಿ ಬರುತ್ತದೆ.

ಇದಕ್ಕಿಂತ ಹಿಂದೆ ಹೋಗುವಾಗ ಅವಸರ ಬೇಡ. ಪಶ್ಚಿಮದ ದ್ವೀಪಗಳಲ್ಲಿ ಹಲವು ಪ್ಯಾರಿಷ್ ಪುಸ್ತಕಗಳು ಶುರುವಾಗುವುದೇ 1800ರ ನಂತರ. ಬೇರೆಡೆಯೂ 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ನಿ ತೆರಿಗೆ ಇತ್ತು, ಬಡವರು ಮಕ್ಕಳ ಹೆಸರು ಬರೆಸುವುದನ್ನೇ ಬಿಟ್ಟರು. ಆ ಕಾಲಕ್ಕೆ ಜಮೀನ್ದಾರರ ಗೇಣಿ ಪಟ್ಟಿಗಳೇ ಗತಿ, ಅವುಗಳಲ್ಲಿ ಹಲವು ಎಡಿನ್‌ಬರೋದ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿವೆ.

ಹೊನ್ನಾವರ_ಓದುಗ

ಕ್ಲ್ಯಾನ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಕ್ಲ್ಯಾನ್ ಅಂದರೆ ಒಬ್ಬ ನಾಯಕನ ಹೆಸರಿನಡಿ ಸೇರಿದ ಜನ. ಗೋತ್ರ-ಬಳಿಯಲ್ಲಿ ಒಳಗೆ ಮದುವೆ ಇಲ್ಲ. ಕ್ಲ್ಯಾನಿನಲ್ಲಿ ಆ ನಿಯಮವೇ ಇಲ್ಲ, ಮ್ಯಾಕ್‌ಡೊನಾಲ್ಡರ ಹುಡುಗ ಮ್ಯಾಕ್‌ಡೊನಾಲ್ಡರ ಹುಡುಗಿಯನ್ನು ಮದುವೆಯಾಗುವುದು ಅಲ್ಲಿ ಸಾಮಾನ್ಯ. ಒಂದೇ ಅಡ್ಡಹೆಸರು ಅಂದರೆ ಒಂದೇ ರಕ್ತ ಅಂತಲೂ ಅಲ್ಲ. ನಾಯಕನ ನೆಲದಲ್ಲಿ ಗೇಣಿಗೆ ಇದ್ದವರು, ರಕ್ಷಣೆ ಬೇಡಿ ಬಂದವರು ಅವನ ಹೆಸರನ್ನೇ ಇಟ್ಟುಕೊಂಡರು. ತದ್ವಿರುದ್ಧವೂ ಆಗಿದೆ: 1603ರಲ್ಲಿ ಆರನೇ ಜೇಮ್ಸ್ ದೊರೆ ಮ್ಯಾಕ್‌ಗ್ರೆಗರ್ ಹೆಸರನ್ನೇ ನಿಷೇಧಿಸಿದಾಗ ಅವರು ಮರ್ರೆ, ಗ್ರಾಂಟ್, ಕ್ಯಾಂಪ್‌ಬೆಲ್ ಆಗಿ ಬದುಕಿದರು. ಆ ನಿಷೇಧ ಪೂರ್ತಿ ಹೋದದ್ದು 1774ರಲ್ಲಿ.

ಶಾಖೆ ತಿಳಿಯುವುದು ಪ್ಯಾರಿಷ್ ಸಿಕ್ಕ ಮೇಲೆಯೇ. ಸ್ಕೈಯ ದಕ್ಷಿಣವಾದರೆ ಸ್ಲೀಟ್, ಮೊಯ್ಡಾರ್ಟ್ ಮತ್ತು ದಕ್ಷಿಣ ಯುಇಸ್ಟ್ ಆದರೆ ಕ್ಲಾನ್‌ರಾನಲ್ಡ್, ಲೋಖಾಬರ್ ಆದರೆ ಕೆಪ್ಪೊಕ್ ಶಾಖೆಯ ಕಡೆ ಹೆಚ್ಚು ಒಲವು. ಪ್ಯಾರಿಷ್ ತಿಳಿಯದೆ ಶಾಖೆ ಆರಿಸಬೇಡಿ.

ಬಟ್ಟೆಗೆ ಅಷ್ಟು ಕಾಯಬೇಕಿಲ್ಲ. ಟಾರ್ಟನ್ (ಆ ಚೌಕಳಿ ಬಟ್ಟೆ) ಯಾರು ಉಡಬೇಕು ಅನ್ನುವುದಕ್ಕೆ ಕಾನೂನಿಲ್ಲ, ಎಲ್ಲ ಮ್ಯಾಕ್‌ಡೊನಾಲ್ಡರಿಗೂ ಹೊಂದುವ ಸಾಮಾನ್ಯ ಮಾದರಿ ಇದೆ, ಅದನ್ನೇ ತರಿಸಿ. ಲಾಂಛನದ ವಿಷಯ ಬೇರೆ. ಅಂಗಡಿಗಳು "ಕುಟುಂಬದ ಲಾಂಛನ" ಅಂತ ಮಾರುತ್ತವೆ, ಸ್ಕಾಟ್ಲೆಂಡಿನಲ್ಲಿ ಅಂಥದ್ದಿಲ್ಲ. ಲಾಂಛನ ಒಬ್ಬ ವ್ಯಕ್ತಿಯ ಸ್ವತ್ತು, ಲಾಂಛನಗಳ ಉಸ್ತುವಾರಿಯ ಲಾರ್ಡ್ ಲಯನ್ ನ್ಯಾಯಾಲಯ ಕೊಟ್ಟದ್ದು. ಕ್ಲ್ಯಾನಿನವರು ಧರಿಸಬಹುದಾದದ್ದು ಸುತ್ತ ಬೆಲ್ಟು-ಬಕಲ್ ಇರುವ ಪದಕ ಮಾತ್ರ.

ಡಿಎನ್‌ಎ ಯೋಚನೆ ಇದ್ದರೆ ವೈ ಪರೀಕ್ಷೆಗೆ (ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತುವಿನದು) ನಿಮ್ಮ ಪತ್ನಿ ಆಗುವುದಿಲ್ಲ, ಅವರ ಅಣ್ಣ ಅಥವಾ ತಮ್ಮ ಬೇಕು, ಅದೂ ಅಡ್ಡಹೆಸರು ಗಂಡು ಸಾಲಿನಲ್ಲೇ ಮುರಿಯದೆ ಬಂದಿದ್ದರೆ.

ಕುಮಟಾ_ಶಾನಭಾಗ

ಸಮಾಧಿ ಹುಡುಕಿದ್ದೀರಾ ನಾಯ್ಕರೇ? ಸ್ಕಾಟ್ಲೆಂಡಿನವರ ಕಲ್ಲಿನ ಮೇಲೆ ಹುಟ್ಟಿದ ಪ್ಯಾರಿಷ್ ಕೆತ್ತಿಸುವ ವಾಡಿಕೆ ಇತ್ತು, ಆ ಒಂದು ಸಾಲು ಮೇಲಿನ ಅರ್ಧ ಕೆಲಸ ಉಳಿಸುತ್ತದೆ. ನಮ್ಮ ಮಳೆಗೆ ಕಲ್ಲೆಲ್ಲ ಹಾವಸೆ ಕಟ್ಟಿರುತ್ತದೆ, ಡಿಸೆಂಬರ್-ಜನವರಿಯಲ್ಲಿ ಒಣಗಿದಾಗ ಹೋಗಿ. ತಂತಿ ಬ್ರಷ್, ಬ್ಲೀಚಿಂಗ್ ಪುಡಿ, ಸೀಮೆಸುಣ್ಣ ಯಾವುದೂ ಬೇಡ, ಅಕ್ಷರದ ಅಂಚೇ ಹೋಗುತ್ತದೆ. ಬರಿ ನೀರು, ಮೆತ್ತನೆ ನಾರಿನ ಬ್ರಷ್ ಸಾಕು. ನಡು ಮಧ್ಯಾಹ್ನ ಫೋಟೋ ತೆಗೆದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ, ಇಲ್ಲವೇ ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿ ತೆಗೆಯಿರಿ, ಸವೆದ ಕೆತ್ತನೆಯೂ ನೆರಳಿನಲ್ಲಿ ಎದ್ದು ಬರುತ್ತದೆ. ಕಲ್ಲಿನ ನಾಲ್ಕೂ ಬದಿ ತೆಗೆಯಿರಿ. ಓದಲು ಬಾರದ ಅಕ್ಷರಕ್ಕೆ ಊಹೆಯ ಅಕ್ಷರ ತುಂಬಬೇಡಿ, ಚುಕ್ಕಿ ಇಟ್ಟು ಬಿಡಿ. ಫೋಟೋ ಇಲ್ಲಿ ಹಾಕಿದರೆ ಕೂತು ಓದೋಣ.