ಸಿವಿಲ್ ಇಂಜಿನಿಯರಿಂಗ್ ಪದವಿಯಲ್ಲಿ ನಾಲ್ಕು ವರ್ಷ ಕಲಿಸುವುದಾದರೂ ಏನು?

ಪ್ರಶ್ನೆ: ಹಿಪ್ಪುನೇರಳೆ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಸಿಇಟಿಯಲ್ಲಿ ಬಂದಿರುವ ರ‍್ಯಾಂಕಿಗೆ ಸಿವಿಲ್ ವಿಭಾಗದಲ್ಲಿ ಸೀಟು ಸಿಗುವ ಸಂಭವವಿದ್ದು, ಅವಳಿಗೂ ಅದರಲ್ಲೇ ಮನಸ್ಸಿದೆ. ಆದರೆ ನಮ್ಮ ನೆಂಟರಿಷ್ಟರು, "ಮನೆ ಕಟ್ಟಲು ಮೇಸ್ತ್ರಿ ಸಾಲದೇ, ಅದಕ್ಕೆ ನಾಲ್ಕು ವರ್ಷ ಓದಬೇಕೇ" ಎಂದು ಕೇಳುತ್ತಿದ್ದಾರೆ. ನಮ್ಮ ಮನೆಯನ್ನೂ ಊರಿನ ಮೇಸ್ತ್ರಿಯವರೇ ನಿಂತು ಕಟ್ಟಿಸಿದ್ದು, ಇದುವರೆಗೆ ಒಂದು ಬಿರುಕೂ ಕಂಡಿಲ್ಲವಾದ್ದರಿಂದ ಅವರಿಗೆ ಏನು ಉತ್ತರ ಹೇಳಬೇಕೆಂದು ನನಗೂ ತೋಚುತ್ತಿಲ್ಲ. ಕೆಲಸ, ಸಂಬಳದ ವಿಚಾರವನ್ನು ಸದ್ಯಕ್ಕೆ ಬದಿಗಿಡೋಣ. ಮೇಸ್ತ್ರಿಗೆ ಗೊತ್ತಿಲ್ಲದ ಯಾವುದನ್ನು ಆ ಕಾಲೇಜಿನಲ್ಲಿ ಕಲಿಸುತ್ತಾರೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಪಾಠದ ಮೇಷ್ಟ್ರು (ತುಮಕೂರು)

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಸ್ಟ್ರಕ್ಚರ್ಸ್ ವಿಷಯ ಬೋಧಿಸುತ್ತೇನೆ. ಮೊದಲ ವರ್ಷ ಬಹುಪಾಲು ಗಣಿತ ಮತ್ತು ವಿಜ್ಞಾನವೇ ಆಗಿರುವುದರಿಂದ ಅದನ್ನು ಬಿಡುತ್ತೇನೆ. ನಿಜವಾದ ಸಿವಿಲ್ ಪಾಠ ಮೂರನೆಯ ಸೆಮಿಸ್ಟರಿನಿಂದ ಶುರುವಾಗುತ್ತದೆ. ವಸ್ತುಗಳ ಬಲ, ದ್ರವಗಳ ಚಲನೆ, ಸರ್ವೇ, ಮಣ್ಣು, ಕಾಂಕ್ರೀಟು, ಆರ್‌ಸಿಸಿ ಮತ್ತು ಉಕ್ಕಿನ ವಿನ್ಯಾಸ, ರಸ್ತೆ, ಕುಡಿಯುವ ನೀರು, ಒಳಚರಂಡಿ, ಕೊನೆಗೆ ಎಸ್ಟಿಮೇಟು, ಹೀಗೆ ಅದು ಮುಂದುವರಿಯುತ್ತದೆ.

ಪಟ್ಟಿಯಿಂದ ತಮಗೆ ಹೆಚ್ಚೇನೂ ತಿಳಿಯಲಾರದು. ಹಾಗಾಗಿ ತಮ್ಮ ಮನೆಯ ಸಜ್ಜವನ್ನೇ ತೆಗೆದುಕೊಳ್ಳೋಣ. ಕಾಂಕ್ರೀಟು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ. ಎಳೆಯುವ ಬಲವನ್ನು ತಾಳುವುದು ಅದರ ಸುಮಾರು ಹತ್ತರಲ್ಲೊಂದು ಭಾಗದಷ್ಟು ಮಾತ್ರ. ಎರಡು ಗೋಡೆಗಳ ಮೇಲೆ ಕುಳಿತ ಮೋಲ್ಡು (ಕಾಂಕ್ರೀಟಿನ ಚಾವಣಿ) ನಡುವೆ ತಗ್ಗುವಾಗ ಅದರ ತಳಭಾಗ ಎಳೆತಕ್ಕೆ ಸಿಗುವುದರಿಂದ ಕಂಬಿಯನ್ನು ತಳದಲ್ಲಿ ಹಾಕುತ್ತಾರೆ. ಒಂದೇ ಕಡೆ ಆಧಾರವಿರುವ ಸಜ್ಜದಲ್ಲಿ ಇದು ತಿರುಗುಮುರುಗಾಗುತ್ತದೆ. ಎಳೆತ ಮೇಲ್ಭಾಗದಲ್ಲಿರುವುದರಿಂದ ಮುಖ್ಯ ಕಂಬಿಯೂ ಮೇಲೆಯೇ ಇರಬೇಕು. ಕಾಂಕ್ರೀಟು ಸುರಿಯುವವರು ಅದನ್ನು ತುಳಿದು ಓಡಾಡಿ ಕಂಬಿ ತಳಕ್ಕೆ ಇಳಿದುಬಿಟ್ಟರೆ, ತೂಕದಲ್ಲಿ ಒಂದು ಕಿಲೋ ಉಕ್ಕೂ ಕಡಿಮೆಯಾಗಿರುವುದಿಲ್ಲ, ಆದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಸಜ್ಜ ಕಳಚಿ ಬೀಳಬಹುದು.

ಒಳ್ಳೆಯ ಮೇಸ್ತ್ರಿಗೆ ಇಷ್ಟು ಖಂಡಿತ ಗೊತ್ತಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯವರು ಎರಡಡಿಯ ಬದಲು ನಾಲ್ಕಡಿಯ ಬಾಲ್ಕನಿ ಬೇಕೆಂದಾಗ, ಬುಡದಲ್ಲಿ ಅದನ್ನು ಬಗ್ಗಿಸುವ ಪರಿಣಾಮ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ತುದಿಯಲ್ಲಿ ಇಟ್ಟಿಗೆಯ ಪ್ಯಾರಾಪೆಟ್ ಎಬ್ಬಿಸಿದರೆ ಅದರ ಭಾರವೂ ಇದಕ್ಕೆ ಸೇರುತ್ತದೆ. "ಎರಡಡಿಗೆ ಇಷ್ಟು ಕಂಬಿ, ನಾಲ್ಕಡಿಗೆ ಅದರ ಎರಡರಷ್ಟು" ಎಂಬ ಕೈಲೆಕ್ಕ ಕೈಕೊಡುವುದು ಇಂಥಲ್ಲಿಯೇ. ಹಿಂದೆ ಕಟ್ಟಿ ನೋಡಿಲ್ಲದ ಅಳತೆಗೆ ಕಂಬಿಯ ಗಾತ್ರ, ಅಂತರ, ದಪ್ಪಗಳನ್ನು ಕಾಗದದ ಮೇಲೆಯೇ ನಿರ್ಧರಿಸುವುದನ್ನು ನಾವು ಐಎಸ್ 456 (ಕಾಂಕ್ರೀಟು ಕೆಲಸಕ್ಕಿರುವ ಭಾರತೀಯ ಮಾನಕ) ಸಂಹಿತೆಯ ಪ್ರಕಾರ ಕಲಿಸುತ್ತೇವೆ. ಹಾಗೆ ನಿರ್ಧರಿಸಿದ ಕಾಂಕ್ರೀಟು ನಿಜವಾಗಿ ಬಂದಿದೆಯೇ ಎಂದು ತಿಳಿಯಲು ವಿದ್ಯಾರ್ಥಿಗಳೇ 150 ಮಿಲಿಮೀಟರಿನ ಘನಗಳನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒಡೆದು ನೋಡುತ್ತಾರೆ.

ಉತ್ತರ: ತೂಬು–ಕೋಡಿ (ಕೋಲಾರ)

ಮೇಷ್ಟ್ರು ಹೇಳಿದ್ದು ಸರಿಯಾಗಿದೆ, ಆದರೆ ಚರ್ಚೆ ಮತ್ತೆ ಮನೆಯ ಸುತ್ತಲೇ ನಿಂತಿದೆ. ಸಣ್ಣ ನೀರಾವರಿ ಕೆಲಸದಲ್ಲಿ ತಲೆ ನರೆತವನಾದ ನನ್ನ ಅಭಿಪ್ರಾಯದಲ್ಲಿ ಈ ಪದವಿಯ ಅರ್ಧ ಭಾಗ ನೀರಿಗೆ ಸಂಬಂಧಿಸಿದ್ದು, ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆ ನಂಬಿ ಬದುಕುವ ನಮ್ಮ ಸೀಮೆಯವರಿಗೆ ಮುಖ್ಯವಾಗಬೇಕಾದದ್ದೂ ಆ ಅರ್ಧವೇ.

ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಕೋಡಿಯನ್ನು ನೋಡಿ. ಎಷ್ಟು ಜಲಾನಯನ ಪ್ರದೇಶದಿಂದ ಎಂಥ ಮಳೆಗೆ ಎಷ್ಟು ನೀರು ನುಗ್ಗಿ ಬರುತ್ತದೆ ಎಂಬುದನ್ನು ಹೈಡ್ರಾಲಜಿಯಲ್ಲಿಯೂ, ಅಷ್ಟು ನೀರು ಹೊರಬೀಳಲು ಕೋಡಿ ಎಷ್ಟು ಉದ್ದವಿರಬೇಕು ಎಂಬುದನ್ನು ಹೈಡ್ರಾಲಿಕ್ಸಿನಲ್ಲಿಯೂ ಕಲಿಸುತ್ತಾರೆ. ಕೋಡಿಯ ಮೇಲೆ ಹರಿಯುವ ನೀರಿನ ಎತ್ತರ ಎರಡರಷ್ಟಾದರೆ ಹೊರಹೋಗುವ ನೀರು ಸುಮಾರು 2.8 ಪಟ್ಟಾಗುತ್ತದೆ. ಊರವರು ಇನ್ನೊಂದಿಷ್ಟು ನೀರು ನಿಲ್ಲಲೆಂದು ಕೋಡಿಯ ಮೇಲೆ ಒಂದೂವರೆ ಅಡಿ ಮರಳಿನ ಮೂಟೆ ಪೇರಿಸುವುದುಂಟು. ಆಸೆ ಸಹಜವೇ, ಆದರೆ ಪ್ರವಾಹಕ್ಕೆಂದು ಏರಿಯ ತಲೆಗೂ ಕೋಡಿಯ ತಲೆಗೂ ನಡುವೆ ಬಿಟ್ಟ ಅಂತರವನ್ನೇ ಆ ಮೂಟೆಗಳು ನುಂಗಿಹಾಕುತ್ತವೆ. ದೊಡ್ಡ ಮಳೆ ಬಂದರೆ ನೀರು ಏರಿಯ ಮೇಲೆ ಹತ್ತುತ್ತದೆ, ಮಣ್ಣಿನ ಏರಿ ಮೇಲಿನಿಂದ ಹರಿಯುವ ನೀರನ್ನು ತಡೆಯಲಾರದು. 2021ರ ನವೆಂಬರಿನಲ್ಲಿ ವರ್ಷಗಟ್ಟಲೆ ಒಣಗಿದ್ದ ಕೆರೆಗಳೆಲ್ಲ ಕೋಡಿ ಹರಿದಾಗ ನಮ್ಮ ಎರಡೂ ಜಿಲ್ಲೆಗಳಲ್ಲಿ ಈ ಲೆಕ್ಕದ ಬೆಲೆ ಎಲ್ಲರಿಗೂ ಕಾಣಿಸಿತು. ಅಂದ ಹಾಗೆ, ತಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಬಿಡಿಸಿದ್ದು ಈ ಕಗ್ಗಂಟನ್ನೇ: ಅಣೆಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವುದು, ಪ್ರವಾಹ ಬಂದಾಗ ಆ ತಡೆ ತಾನಾಗಿಯೇ ಸರಿದು ನೀರು ಬಿಡುವುದು.

ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೂ, ಅಲ್ಲಿಂದ ಮುಂದಕ್ಕೂ ಬರುತ್ತಿದೆ. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯದು ಬೇಕೇ ಎಂದು ಟೀ ಅಂಗಡಿಗಳಲ್ಲಿಯೂ ವಾದ ನಡೆಯುತ್ತದೆ. ಆ ವಾದದಲ್ಲಿ ಬರುವ ಬಿಓಡಿ (ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕ), ನೈಟ್ರೇಟು, ಭಾರಲೋಹಗಳೆಂದರೆ ಏನು, ಅವನ್ನು ಅಳೆಯುವುದು ಹೇಗೆ ಎಂಬುದು ಪರಿಸರ ಇಂಜಿನಿಯರಿಂಗಿನ ಪಾಠ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನೂ ಅಲ್ಲಿಯೇ ಓದುತ್ತಾರೆ. ಇವು ಯಾವ ಮೇಸ್ತ್ರಿಯ ಕೆಲಸವೂ ಅಲ್ಲವೆಂದು ತಮ್ಮ ನೆಂಟರಿಗೆ ತಿಳಿಸಬಹುದು.

ಉತ್ತರ: ಸೈಟ್ ಇಂಜಿನಿಯರ್ (ಚಿಕ್ಕಬಳ್ಳಾಪುರ)

ಇಬ್ಬರು ಹಿರಿಯರೂ ಹೇಳದೆ ಬಿಟ್ಟ ಒಂದು ವಿಷಯವನ್ನು ಸೇರಿಸುತ್ತೇನೆ. ನಾನು ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷದ ಬಿ.ಇ.ಗೆ ಸೇರಿದವನು. ಪದವಿಯಲ್ಲಿ ತೊಲೆಯ ವಿನ್ಯಾಸ ಕಲಿಸುತ್ತಾರೆ, ಆದರೆ ಆ ತೊಲೆಯ ಸೆಂಟ್ರಿಂಗಿನ ಆನಿಕೆಗಳನ್ನು ಯಾವ ಕ್ರಮದಲ್ಲಿ ಬಿಚ್ಚಬೇಕೆಂಬುದನ್ನು ಹೆಚ್ಚಿನವರು ಸೈಟಿನಲ್ಲಿ, ಮೇಸ್ತ್ರಿಗಳಿಂದಲೇ ಕಲಿಯುತ್ತಾರೆ. ಅಳತೆ ಪುಸ್ತಕ ಬರೆಯುವುದು, ಗುತ್ತಿಗೆದಾರರ ಬಿಲ್ಲಿನಲ್ಲಿರುವ ಕಂಬಿಯ ತೂಕವನ್ನು ತಾಳೆ ನೋಡುವುದು, ಜಲ್ಲಿಯ ಲೋಡು ಸೈಟಿಗೆ ಬಂದಾಗ ಪುಡಿ ಎಷ್ಟಿದೆಯೆಂದು ನೋಡಿ ವಾಪಸು ಕಳಿಸುವ ಧೈರ್ಯ, ಇವೂ ಹಾಗೆಯೇ. ಮಿಲಿಮೀಟರಿನಲ್ಲಿರುವ ಕಂಬಿಯ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ, ಅಂದರೆ 12 ಮಿಲಿಮೀಟರಿನ ಕಂಬಿಗೆ ಸುಮಾರು 0.89 ಕಿಲೋ. ಸೂತ್ರವನ್ನು ಕಾಲೇಜಿನಲ್ಲಿಯೇ ಹೇಳಿಕೊಡುತ್ತಾರೆ, ಆದರೆ ಲಾರಿಯ ಮುಂದೆ ನಿಂತು ಅದನ್ನು ಬಾಯಿಲೆಕ್ಕ ಮಾಡುವ ರೂಢಿ ಆಮೇಲೆ ಬರುತ್ತದೆ. ಹಾಗಾಗಿ ಪದವೀಧರರಿಗೆ ಎಲ್ಲ ಗೊತ್ತು, ಮೇಸ್ತ್ರಿಗೆ ಏನೂ ಗೊತ್ತಿಲ್ಲ ಎಂಬ ಭಾವನೆಯನ್ನು ಮಗಳಲ್ಲಿ ಮೂಡಿಸದೆ ಕಳುಹಿಸಿದರೆ ಒಳ್ಳೆಯದು.

ಹಿಪ್ಪುನೇರಳೆ (ಪ್ರಶ್ನೆ ಕೇಳಿದವರು)

ತಮ್ಮೆಲ್ಲರಿಗೂ ಕೃತಜ್ಞತೆಗಳು. ಕೋಡಿಯ ಲೆಕ್ಕವನ್ನು ಮಗಳಿಗೆ ಓದಿ ಹೇಳಿದೆ. ನಮ್ಮೂರ ಕೆರೆಯ ಕೋಡಿಯನ್ನು ಅಳೆದು ನೋಡುತ್ತೇನೆ ಎನ್ನುತ್ತಿದ್ದಾಳೆ. ಇನ್ನೊಂದೇ ಮಾತು ಕೇಳುತ್ತೇನೆ. ಆಪ್ಷನ್ ಎಂಟ್ರಿಗೆ ಮುಂಚೆ ಒಂದೆರಡು ಕಾಲೇಜುಗಳನ್ನು ನೋಡಿಬರಬೇಕೆಂದಿದ್ದೇವೆ. ಕಟ್ಟಡ, ಹಾಸ್ಟೆಲು ಬಿಟ್ಟು ಏನನ್ನು ಗಮನಿಸಬೇಕು?

ಉತ್ತರ: ಪಾಠದ ಮೇಷ್ಟ್ರು (ತುಮಕೂರು)

ಕಾಂಕ್ರೀಟ್ ಲ್ಯಾಬಿಗೆ ಹೋಗಿ ಘನಗಳನ್ನು ನೆನೆಸಿಡುವ ತೊಟ್ಟಿಯನ್ನು ನೋಡಿ. ಅದರೊಳಗೆ ತಾರೀಖು ಬರೆದ ಘನಗಳಿದ್ದರೆ ಅಲ್ಲಿ ಪ್ರಯೋಗಗಳು ನಡೆಯುತ್ತಿವೆ ಎಂದು ತಿಳಿಯಬಹುದು. ರಜೆಯ ಸಮಯವಾದ್ದರಿಂದ ತೊಟ್ಟಿ ಖಾಲಿಯಿದ್ದರೆ ಹಿಂದಿನ ಸೆಮಿಸ್ಟರಿನ ದಾಖಲೆ ಪುಸ್ತಕ ಕೇಳಿ. ಸರ್ವೇಯಲ್ಲಿ ದೂರ, ಕೋನಗಳನ್ನು ಅಳೆಯುವ ಟೋಟಲ್ ಸ್ಟೇಷನ್ ಉಪಕರಣಗಳು ಎಷ್ಟಿವೆ, ಒಂದನ್ನು ಎಷ್ಟು ವಿದ್ಯಾರ್ಥಿಗಳು ಹಂಚಿಕೊಳ್ಳುತ್ತಾರೆ ಎಂದು ವಿಚಾರಿಸಿ, ಏಕೆಂದರೆ ಹದಿನೈದು ಜನರ ಗುಂಪಿನಲ್ಲಿ ಇಬ್ಬರು ಉಪಕರಣ ಹಿಡಿದು ಉಳಿದವರು ನೆರಳಿನಲ್ಲಿ ಕುಳಿತಿರುವುದು ಸಾಮಾನ್ಯ. ಸರ್ವೇ ಶಿಬಿರಕ್ಕೆ ಊರು, ಕೆರೆಗಳ ಕಡೆ ಕರೆದೊಯ್ಯುತ್ತಾರೋ ಅಥವಾ ಕಾಲೇಜಿನ ಆವರಣದಲ್ಲಿಯೇ ಮುಗಿಸುತ್ತಾರೋ ಎಂಬುದನ್ನು ಮಾತ್ರ ಕಚೇರಿಯಲ್ಲಿ ಕೇಳಬೇಡಿ, ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿ.